ಪಿಟಿಸಿಎಲ್: ತಡ ಮಾಡಿದ್ದು ಯಾರು?

ಪೋಸ್ಟ್ ಉದ್ದ ಇದೆ. ಬಸ್ಸಲ್ಲೋ, ಊಟದ ಹೊತ್ತಲ್ಲೋ ಬಿಡುವು ಮಾಡ್ಕೊಂಡು ಪೂರ್ತಿ ಓದಿ. ಅರ್ಧಕ್ಕೆ ಬಿಟ್ಟು 'ಸೂಪರ್ ಅಣ್ಣ' ಅಂತ ಕಮೆಂಟ್ ಹಾಕೋದು ಬೇಡ.

ನಮ್ಮ ಹುಡುಗರು ಇತ್ತೀಚೆಗೆ ಒಂದೇ ಪ್ರಶ್ನೆ ಕೇಳ್ತಿದ್ದಾರೆ. 'ಅಣ್ಣ, 2023ರಲ್ಲಿ ಪಿಟಿಸಿಎಲ್ ತಿದ್ದುಪಡಿ ಆಯ್ತಲ್ಲ, ಕಾಲಮಿತಿ ಇಲ್ಲ ಅಂತ ಕಾನೂನಲ್ಲೇ ಬರೆದ್ರಲ್ಲ, ಆದ್ರೂ ತಡವಾಗಿ ಬಂದಿದ್ದೀರಿ ಅಂತ ಯಾಕೆ ಅರ್ಜಿ ವಜಾ ಮಾಡ್ತಾರೆ?' ಎರಡು ಸಾಲಿನ ಉತ್ತರ ಇದೆ, ಕೊನೆಗೆ ಹೇಳ್ತೀನಿ. ಆದರೆ ಈ ಕಾನೂನಿನ ಚರಿತ್ರೆ ಗೊತ್ತಿಲ್ಲದೆ ಆ ಎರಡು ಸಾಲು ಕೇಳಿದರೆ ನಮ್ಮ ಜನಕ್ಕೆ ಅನ್ನಿಸೋದು ಒಂದೇ: ತಪ್ಪು ನಮ್ಮದೇ, ನಾವೇ ನಿದ್ದೆ ಮಾಡಿದ್ವಿ ಅಂತ. ಹಾಗೆ ಅನ್ನಿಸಬಾರದು ಅಂತಲೇ ಇದನ್ನು ಬರೀತಿರೋದು.

ನಾನು ವಕೀಲ ಅಲ್ಲ. ಬಿಎ ಮಾಡಿ ಗುಮಾಸ್ತನಾದವನು. ವಾರವೆಲ್ಲ ಆಫೀಸಿನ ಕಡತ, ಭಾನುವಾರ ಸಂಘದ ಜಗಲಿಯಲ್ಲಿ ಜನ ತಂದ ಪಹಣಿ, ಮ್ಯುಟೇಷನ್, ಆರ್ಡರ್ ಕಾಪಿ ಓದಿ ಹೇಳೋದು. ಕಡತ ಹೇಗೆ ನಡೆಯುತ್ತೆ, ಹೇಗೆ ನಿಲ್ಲುತ್ತೆ ಅನ್ನೋದು ಮಾತ್ರ ನನಗೆ ಚೆನ್ನಾಗಿ ಗೊತ್ತು.

ಮೊದಲು ಭೂಮಿ ಎಲ್ಲಿಂದ ಬಂತು ಅನ್ನೋದನ್ನ ನೋಡೋಣ. ಹಳೇ ಮೈಸೂರಿನ ಕಡೆ ನಮ್ಮ ತಾತಂದಿರಿಗೆ ಸಿಕ್ಕ ಜಮೀನು ಹೆಚ್ಚಿನಂಶ ದರಖಾಸ್ತಿನದು. ಸಂಸ್ಥಾನದ ಕಾಲದಲ್ಲೇ ಆದಿಕರ್ನಾಟಕ, ಆದಿದ್ರಾವಿಡ ಜನಕ್ಕೆ ಸರ್ಕಾರಿ ಜಮೀನು ಮಂಜೂರು ಮಾಡೋ ನಿಯಮ ಇತ್ತು. ಸ್ವಾತಂತ್ರ್ಯ ಬಂದ ಮೇಲೂ ಮುಂದುವರಿಯಿತು. ಸಾಗುವಳಿ ಚೀಟಿ ಅಂತ ಒಂದು ಹಾಳೆ ಕೊಡ್ತಿದ್ರು. ಸಿಕ್ಕಿದ್ದೇನು ಕೆರೆ ಕೆಳಗಿನ ಗದ್ದೆ ಅಲ್ಲ. ಗೋಮಾಳದ ಅಂಚು, ಕಲ್ಲುಗುಟ್ಟೆ, ಮುಳ್ಳುಪೊದೆ. ಅದನ್ನ ಹಸನು ಮಾಡಿ ರಾಗಿ ಬೆಳೆಯೋ ಹಾಗೆ ಮಾಡಿದ್ದು ನಮ್ಮವರ ಬೆನ್ನು.

ಆ ಚೀಟಿಯಲ್ಲಿ ಒಂದು ಷರತ್ತು ಇರುತ್ತಿತ್ತು: ಪರಭಾರೆ ಮಾಡತಕ್ಕದ್ದಲ್ಲ. ಕೆಲವಕ್ಕೆ ಇಷ್ಟು ವರ್ಷ ಅಂತ ಗಡುವು, ಕೆಲವಕ್ಕೆ ಶಾಶ್ವತವಾಗಿ. ಯಾವ ನಿಯಮದ ಕಾಲದಲ್ಲಿ ಮಂಜೂರಾಯಿತು, ಬಿಟ್ಟಿಯಾಗಿ ಕೊಟ್ಟಿದ್ದೋ, ಬೆಲೆ ಕಟ್ಟಿಸಿಕೊಂಡಿದ್ದೋ ಅನ್ನೋದರ ಮೇಲೆ ಷರತ್ತು ಬದಲಾಗ್ತಿತ್ತು. ಇದು ಸಣ್ಣ ವಿಷಯ ಅನ್ಕೋಬೇಡಿ, ಮುಂದೆ ನಲವತ್ತು ವರ್ಷದ ವ್ಯಾಜ್ಯ ಪೂರ್ತಿ ಈ ಒಂದು ಸಾಲಿನ ಮೇಲೇ ನಿಂತಿದೆ.

ಷರತ್ತು ಹಾಕಿದವರಿಗೆ ಗೊತ್ತಿತ್ತು, ಬಡವನ ಕೈಗೆ ಭೂಮಿ ಕೊಟ್ಟರೆ ಪಕ್ಕದ ದೊಡ್ಡ ಹಿಡುವಳಿಯವನು ಸುಮ್ಮನೆ ಇರಲ್ಲ ಅಂತ. ಇದು ನಮ್ಮಲ್ಲಿ ಮಾತ್ರ ಕಂಡುಕೊಂಡ ವಿದ್ಯೆಯೂ ಅಲ್ಲ. 1908ರ ಛೋಟಾನಾಗಪುರ ಗೇಣಿ ಕಾಯ್ದೆ ಆದಿವಾಸಿ ಭೂಮಿ ಕೈಬದಲಾಗದ ಹಾಗೆ ಬೇಲಿ ಹಾಕಿತು, ಅದರ ಹಿಂದೆ ಬಿರ್ಸಾ ಮುಂಡಾನ ಉಲ್ಗುಲಾನ್ ಇತ್ತು. ಫಿಲಿಪೈನ್ಸಿನಲ್ಲಿ 1988ರ ಭೂಸುಧಾರಣಾ ಕಾಯ್ದೆ ಭೂಮಿ ಪಡೆದ ರೈತ 10 ವರ್ಷ ಮಾರಬಾರದು ಅಂತ ಹೇಳಿತು. ಅಲ್ಲೂ ಕಾಗದದಲ್ಲಿ ಮಾರದೆ ಒಳಗೊಳಗೇ ಅಡವು ಇಟ್ಟು ಭೂಮಿ ಕಳಕೊಂಡವರಿದ್ದಾರೆ. ಫಿಜಿ ದ್ವೀಪದಲ್ಲಿ ಮೂಲನಿವಾಸಿಗಳ ಭೂಮಿಯನ್ನ ಗುತ್ತಿಗೆಗೆ ಕೊಡಬಹುದು, ಮಾರೋ ಹಾಗಿಲ್ಲ. ಏಷ್ಯಾದ, ಪೆಸಿಫಿಕ್ಕಿನ ಎಷ್ಟೋ ಬಡದೇಶಗಳು ಇದೇ ಪಾಠವನ್ನ ಬೇರೆ ಬೇರೆ ದಾರಿಯಲ್ಲಿ ಕಲಿತಿವೆ.

ನಮ್ಮಲ್ಲಿ ಏನಾಯ್ತು? ಬರಗಾಲದಲ್ಲಿ ಎರಡು ಮೂಟೆ ರಾಗಿ, ಮಗಳ ಮದುವೆಗೆ ನೂರಿನ್ನೂರು ರೂಪಾಯಿ, ಯಾವುದೋ ಕಾಯಿಲೆಗೆ ಕೈಸಾಲ. 'ಸಾಲದ ಪತ್ರ ಕಣೋ, ಹೆಬ್ಬೆಟ್ಟು ಒತ್ತು' ಅಂದರು, ಒತ್ತಿದರು. ಅದು ಕ್ರಯಪತ್ರ ಅಂತ ಗೊತ್ತಾಗೋ ಹೊತ್ತಿಗೆ ಪಹಣಿಯಲ್ಲಿ ಹೆಸರು ಬದಲಾಗಿತ್ತು. ಎಷ್ಟೋ ಕಡೆ ಕಾಗದವೇ ಇಲ್ಲ, ಬಾಯಿಮಾತು. ಮಾರಿದವನೇ ಮಾರಿದ ಹೊಲಕ್ಕೆ ಕೂಲಿಗೆ ಹೋದ.

ಈಗ ಒಂದು ವಿಚಿತ್ರ ನೋಡಿ. ಷರತ್ತು ಮುರಿದರೆ ಏನು ಶಿಕ್ಷೆ ಅಂತ ಹಳೇ ನಿಯಮದಲ್ಲಿ ಇತ್ತು: ಮಂಜೂರಾತಿ ರದ್ದು, ಜಮೀನು ಸರ್ಕಾರಕ್ಕೆ ವಾಪಸ್. ಅಂದ್ರೆ ಮೋಸ ಹೋದವನಿಗೆ ಮೊದಲ ಏಟು ಕೊಂಡವನಿಂದ, ಎರಡನೇ ಏಟು ಸರ್ಕಾರದಿಂದ. ಭೂಮಿ ಅವನಿಗೆ ತಿರುಗಿ ಬರೋ ದಾರಿಯೇ ಇರಲಿಲ್ಲ. ಅದನ್ನೂ ಯಾರೂ ಮಾಡ್ತಿರಲಿಲ್ಲ ಬಿಡಿ. ತಾಲ್ಲೂಕು ಕಚೇರಿಗೆ ದಿನಾ ಬಂದು ಕಾಫಿ ಕುಡಿಸೋನು ಕೊಂಡವನೇ ಆಗಿರ್ತಿದ್ದ.

ದೇವರಾಜ ಅರಸು ಕಾಲಕ್ಕೆ ಬರೋಣ. ಅರಸು ಅಂದ ತಕ್ಷಣ 'ಉಳುವವನೇ ಹೊಲದೊಡೆಯ' ಅಂತೀವಿ. 1974ರ ಮಾರ್ಚ್ 1ರಿಂದ ಜಾರಿಯಾದ ಭೂಸುಧಾರಣಾ ತಿದ್ದುಪಡಿ ನಿಜಕ್ಕೂ ದೊಡ್ಡದು. ಅದು ಬರೀ ಭೂಮಿಯ ಸುಧಾರಣೆ ಅಲ್ಲ, ನ್ಯಾಯಾಂಗದ ಸುಧಾರಣೆಯೂ ಹೌದು ಅನ್ನೋದನ್ನ ನಾವು ಮರೀತೀವಿ. ಸಿವಿಲ್ ಕೋರ್ಟನ್ನ ಪಕ್ಕಕ್ಕಿಟ್ಟು ತಾಲ್ಲೂಕು ಮಟ್ಟದಲ್ಲಿ ಭೂ ನ್ಯಾಯಮಂಡಳಿ ಮಾಡಿದರು. ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷ, ಜೊತೆಗೆ ಸರ್ಕಾರ ನೇಮಿಸಿದ ಜನಸಾಮಾನ್ಯ ಸದಸ್ಯರು, ಅವರಲ್ಲಿ ಒಬ್ಬರಾದರೂ ಪರಿಶಿಷ್ಟರು ಇರಬೇಕು. ಎಲ್ಲಕ್ಕಿಂತ ಮುಖ್ಯ, ವಕೀಲರು ಬರೋ ಹಾಗಿರಲಿಲ್ಲ! ಗೇಣಿದಾರ ತಾನೇ ನಿಂತು ತನ್ನ ಭಾಷೆಯಲ್ಲಿ ಹೇಳಬೇಕು, ಊರಿನವರು ಹೌದೋ ಅಲ್ಲವೋ ಅನ್ನಬೇಕು. ಲಕ್ಷಾಂತರ ಅರ್ಜಿ ಈ ದಾರಿಯಲ್ಲಿ ತೀರ್ಮಾನ ಆದವು.

ಆದರೆ ಅಲ್ಲಿ ಗೆದ್ದವರು ಗೇಣಿದಾರರು. ನಮ್ಮವರು ಹೆಚ್ಚಿನವರು ಗೇಣಿದಾರರೇ ಅಲ್ಲ, ಜೀತದಾಳು, ಕೂಲಿಯಾಳು. 'ಉಳುವವನು' ಅಂತ ಕಾನೂನು ಕರೆದದ್ದು ಗೇಣಿಗೆ ಮಾಡ್ತಿದ್ದವನನ್ನ, ನೇಗಿಲು ಹಿಡಿದ ಜೀತಗಾರನನ್ನ ಅಲ್ಲ. ಅರಸು ಮೇಲೆ ನನಗೆ ಗೌರವ ಕಡಿಮೆ ಏನಿಲ್ಲ, ಆದರೆ ಈ ಮಾತು ಹೇಳದೆ ಹೋದರೆ ಚರಿತ್ರೆ ಕುಂಟುತ್ತೆ.

ನಮ್ಮ ಕಾನೂನು ಬಂದಿದ್ದು ಆಮೇಲೆ. 'ಕರ್ನಾಟಕ ಅನುಸೂಚಿತ ಜಾತಿಗಳ ಮತ್ತು ಅನುಸೂಚಿತ ಬುಡಕಟ್ಟುಗಳ ಕೆಲವು ಜಮೀನುಗಳ ವರ್ಗಾವಣೆ ನಿಷೇಧ ಕಾಯ್ದೆ, 1978'. ಜಾರಿಯಾದದ್ದು 1979ರ ಜನವರಿ 1. ಎಲ್ಲರ ಬಾಯಲ್ಲಿ ಪಿಟಿಸಿಎಲ್. ಹಿರಿಯರು ಇದರ ಜೊತೆ ಬಿ. ಬಸವಲಿಂಗಪ್ಪನವರ ಹೆಸರು ಸೇರಿಸಿಯೇ ಹೇಳ್ತಾರೆ. ಅದು ದಲಿತ ಸಂಘರ್ಷ ಸಮಿತಿ ಹಳ್ಳಿ ಹಳ್ಳಿಗೆ ಹಬ್ಬುತ್ತಿದ್ದ ಕಾಲ. ಸಿದ್ಲಿಪುರ, ನಾಗಸಂದ್ರದಂಥ ಭೂ ಹೋರಾಟಗಳ ಕಾಲ. ಕಾನೂನು ಆಕಾಶದಿಂದ ಬೀಳಲ್ಲ.

ಈ ಕಾಯ್ದೆಯ ಕಲಂಗಳು ಹತ್ತು ಹನ್ನೆರಡು, ಮೂರು ನಾಲ್ಕು ಪುಟ ಅಷ್ಟೇ. ಒಂದ್ಸಲ ಕೂತು ಓದಿ. 4ನೇ ಕಲಂ: ಷರತ್ತು ಮುರಿದು ಆದ ಪರಭಾರೆ, ಕಾಯ್ದೆ ಬರುವ ಮೊದಲು ಆಗಿರಲಿ ಆಮೇಲೆ ಆಗಿರಲಿ, ಶೂನ್ಯ. ಇನ್ನು ಮುಂದೆ ಮಾರಬೇಕಾದರೆ ಸರ್ಕಾರದ ಪೂರ್ವಾನುಮತಿ ಬೇಕು. 5ನೇ ಕಲಂ: ಅಂಥ ಜಮೀನನ್ನ ಅಸಿಸ್ಟೆಂಟ್ ಕಮಿಷನರ್ ವಶಕ್ಕೆ ತಗೊಂಡು ಮೂಲ ಮಂಜೂರುದಾರನಿಗೆ ಅಥವಾ ಅವನ ವಾರಸುದಾರರಿಗೆ ಕೊಡಬೇಕು. ಅವರು ಸಿಗದಿದ್ದರೆ ಬೇರೆ ಪರಿಶಿಷ್ಟರಿಗೆ ಮಂಜೂರು ಮಾಡಬಹುದು. ವಾಪಸ್ ಕೊಡೋದು ಅನ್ನೋ ಆಲೋಚನೆ ಹೊಸದು. ರದ್ದು ಮಾಡಿ ಸರ್ಕಾರ ನುಂಗೋ ಹಳೇ ಪದ್ಧತಿಯ ತಲೆಕೆಳಗು.

ಅದೇ 5ನೇ ಕಲಮಿನಲ್ಲಿ ಇನ್ನೆರಡು ಮಾತಿದೆ, ದಯವಿಟ್ಟು ನೆನಪಲ್ಲಿಡಿ. ಒಂದು, ಮಂಜೂರಾದ ಜಮೀನಲ್ಲಿ ಮೂಲ ಮಂಜೂರುದಾರನಾಗಲಿ ಅವನ ವಾರಸುದಾರನಾಗಲಿ ಅಲ್ಲದ ಬೇರೆಯವನು ಕೂತಿದ್ದರೆ, ಅವನದು ಶೂನ್ಯ ವರ್ಗಾವಣೆ ಅಂತಲೇ ಭಾವಿಸಬೇಕು. ಅಲ್ಲ ಅಂತ ಸಾಬೀತು ಮಾಡೋ ಹೊಣೆ ಅವನದು. ಎರಡು, ಅಸಿಸ್ಟೆಂಟ್ ಕಮಿಷನರ್ ಕ್ರಮ ತಗೋಳ್ಳೋಕೆ ನಾವು ಅರ್ಜಿ ಕೊಡಲೇಬೇಕು ಅಂತಿಲ್ಲ. ಸಂಬಂಧಪಟ್ಟವರು ಅರ್ಜಿ ಕೊಡಬಹುದು, ಯಾರಾದರೂ ಲಿಖಿತ ಮಾಹಿತಿ ಕೊಡಬಹುದು, ಯಾರೂ ಕೊಡದಿದ್ದರೆ ಅವರೇ ಸ್ವಯಂಪ್ರೇರಿತವಾಗಿ ಶುರು ಮಾಡಬಹುದು.

ಸ್ವಯಂಪ್ರೇರಿತವಾಗಿ. ಈ ಪದದ ಕೆಳಗೆ ಗೆರೆ ಎಳೆಯಿರಿ, ಮುಂದೆ ಬೇಕಾಗುತ್ತೆ.

ಕಾಯ್ದೆಯಲ್ಲಿ ದೊಡ್ಡ ತೂತೂ ಒಂದಿದೆ. 'ಮಂಜೂರಾದ ಜಮೀನು' ಅಂದರೇನು ಅಂತ ಹೇಳುವಾಗ, ವಂಶಪಾರಂಪರ್ಯ ಹುದ್ದೆಗಳಿಗೆ ಸಂಬಂಧಿಸಿದ ಕಾನೂನಿನಡಿ ಬಂದ ಜಮೀನನ್ನ ಹೊರಗಿಟ್ಟಿದ್ದಾರೆ. ಅಂದ್ರೆ ತೋಟಿ, ತಳವಾರಿಕೆ, ನೀರಗಂಟಿ ಇನಾಮ್ತಿ. ತಲೆಮಾರುಗಟ್ಟಲೆ ಊರ ಚಾಕರಿ ಮಾಡಿ, ಹೆಣ ಸುದ್ದಿ ಹೊತ್ತು, ಡಂಗೂರ ಸಾರಿ ಉಳಿಸಿಕೊಂಡ ಭೂಮಿಗೆ ಈ ಬೇಲಿ ಇಲ್ಲ! ಈ ಭೂಮಿಯ ಸಂಕಟ ಹಳೇದು. 1928ರಲ್ಲಿ ಬಾಬಾಸಾಹೇಬರು ಮುಂಬಯಿ ಶಾಸನ ಪರಿಷತ್ತಿನಲ್ಲಿ ವತನ ಕಾಯ್ದೆಗೆ ತಿದ್ದುಪಡಿ ಮಸೂದೆ ತಂದಿದ್ದರು, ಮಹಾರ್ ವತನದಾರರನ್ನ ಆ ಬಿಟ್ಟಿ ಚಾಕರಿಯಿಂದ ಬಿಡಿಸೋಕೆ. ನಮ್ಮ ರಾಜ್ಯದಲ್ಲಿ 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ 1963ರಲ್ಲಿ ಜಾರಿಗೆ ಬಂದು ಚಾಕರಿ ಹೋಯ್ತು, ಭೂಮಿಯ ಮರುಮಂಜೂರಾತಿ ಶುರುವಾಯ್ತು. ಮಾರಾಟಕ್ಕೆ 15 ವರ್ಷದ ತಡೆ ಬಂದದ್ದು 1978ರ ಆಗಸ್ಟಿನಲ್ಲಿ. ನಡುವೆ ಹದಿನೈದು ವರ್ಷ ಬಾಗಿಲು ಹಾರು ಹೊಡೆದಿತ್ತು. ಇದನ್ನೇ ಒಂದು ಪ್ರತ್ಯೇಕ ಪೋಸ್ಟ್ ಮಾಡಬೇಕು.

ಪಿಟಿಸಿಎಲ್ ಬಂದದ್ದೇ ತಡ, ಕೊಂಡವರೆಲ್ಲ ಹೈಕೋರ್ಟಿಗೆ, ಅಲ್ಲಿಂದ ಸುಪ್ರೀಂ ಕೋರ್ಟಿಗೆ ಹೋದರು. 1984ರ ಏಪ್ರಿಲ್‌ನಲ್ಲಿ ಮಂಚೇಗೌಡ ಪ್ರಕರಣದ ತೀರ್ಪು ಬಂತು. ಕಾಯ್ದೆ ಸಂವಿಧಾನಬದ್ಧ. ಷರತ್ತಿರುವ ಜಮೀನನ್ನ ಕೊಂಡವನಿಗೆ ಸಿಕ್ಕ ಹಕ್ಕು ಮೊದಲಿಂದಲೂ ಅಲುಗಾಡೋ ಹಕ್ಕು, ಅದನ್ನ ಶಾಸನ ತೆಗೆದುಹಾಕಬಹುದು ಅಂತ ಕೋರ್ಟು ಹೇಳಿತು. ನಮ್ಮವರಿಗೆ ಸಂತೋಷ. ಆದರೆ ಅದೇ ತೀರ್ಪಿನಲ್ಲಿ ಎರಡು ಕಿಟಕಿ ತೆರೆದಿಟ್ಟಿತ್ತು. ಷರತ್ತಿನ ಗಡುವು ಮುಗಿದ ಮೇಲೆ, ಕಾಯ್ದೆ ಬರುವ ಮೊದಲು ಮಾರಿದ್ದರೆ ಅದು ಕಾಯ್ದೆಗೆ ಸಿಗಲ್ಲ. ಮತ್ತೆ, ಕಾಯ್ದೆ ಬರುವ ಹೊತ್ತಿಗೆ ಕೊಂಡವನು ಪ್ರತಿಕೂಲ ಸ್ವಾಧೀನದ ಮೂಲಕ ಪೂರ್ಣ ಹಕ್ಕು ಸಂಪಾದಿಸಿದ್ದರೆ ಅವನನ್ನೂ ಮುಟ್ಟೋ ಹಾಗಿಲ್ಲ.

ಪ್ರತಿಕೂಲ ಸ್ವಾಧೀನ ಅಂದರೆ, ಬೇರೆಯವನ ಜಮೀನಲ್ಲಿ ಇಷ್ಟು ವರ್ಷ ರಾಜಾರೋಷವಾಗಿ ಕೂತಿದ್ದರೆ ಅದು ನಿನ್ನದೇ ಆಗುತ್ತೆ. ಎಷ್ಟು ವರ್ಷ? 1994ರ ಹುಚ್ಚೇಗೌಡ ಪ್ರಕರಣದಲ್ಲಿ ಲೆಕ್ಕ ಹಾಕಿದರು: ಸರ್ಕಾರ ಮಾಲೀಕತ್ವವನ್ನೇ ಮಂಜೂರುದಾರನಿಗೆ ಕೊಟ್ಟುಬಿಟ್ಟಿದ್ದರೆ 12 ವರ್ಷ, ಮಾಲೀಕತ್ವ ಸರ್ಕಾರದಲ್ಲೇ ಉಳಿಸಿಕೊಂಡಿದ್ದರೆ 30 ವರ್ಷ. ನೋಡಿ ವ್ಯಂಗ್ಯ, ನಿನಗೆ ಗಟ್ಟಿ ಹಕ್ಕು ಕೊಟ್ಟಿದ್ದರೆ ನೀನು ಬೇಗ ಕಳ್ಕೋತೀಯ. ಅಲ್ಲಿಂದ ಪ್ರತಿ ಕೇಸೂ ಒಂದೇ ಹಾಳೆಗೆ ಬಂದು ನಿಂತಿತು, ಅದೇ ಸಾಗುವಳಿ ಚೀಟಿ. ಯಾವ ವರ್ಷದ್ದು, ಯಾವ ನಿಯಮದಡಿ, ಬಿಟ್ಟಿಯೋ ಬೆಲೆಗೋ.

ಆ ಹಾಳೆ ಎಲ್ಲಿದೆ? ಸೋರುವ ಮನೆಯ ಟ್ರಂಕಿನಲ್ಲಿತ್ತು, ಗೆದ್ದಲು ತಿಂತು. ಅಥವಾ ಸಾಲ ಕೊಟ್ಟವನೇ 'ಭದ್ರವಾಗಿಡ್ತೀನಿ' ಅಂತ ಇಟ್ಕೊಂಡ. ಕಚೇರಿಯಲ್ಲಿ ದರಖಾಸ್ತು ರಿಜಿಸ್ಟರ್ ಇರಬೇಕು, ಮೂಲ ಮಂಜೂರಾತಿ ಕಡತ ಇರಬೇಕು. ಅರ್ಜಿ ಹಾಕಿದರೆ ಹಿಂಬರಹ ಬರುತ್ತೆ: 'ಕಡತವು ಲಭ್ಯವಿರುವುದಿಲ್ಲ'. ಎರಡೇ ಪದ. ಒಬ್ಬ ಗುಮಾಸ್ತನಾಗಿ ಹೇಳ್ತೀನಿ, ಕಡತಕ್ಕೆ ಕಾಲಿಲ್ಲ. ರಿಜಿಸ್ಟರಿನ ಬೇರೆಲ್ಲ ಹಾಳೆ ಇದ್ದು ನಮ್ಮ ಸರ್ವೆ ನಂಬರಿನ ಹಾಳೆ ಮಾತ್ರ ಹರಿದಿದ್ದನ್ನ ನನ್ನ ಕಣ್ಣಾರೆ ನೋಡಿದೀನಿ. 2000ದ ಆಸುಪಾಸಿನಲ್ಲಿ ಭೂಮಿ ಯೋಜನೆ ಬಂದು ಕೈಬರಹದ ಪಹಣಿ ಹೋಗಿ ಕಂಪ್ಯೂಟರ್ ಪಹಣಿ ಬಂತು. ದೊಡ್ಡ ಸುಧಾರಣೆ ಅಂತ ಹೊರದೇಶದಿಂದೆಲ್ಲ ಬಂದು ನೋಡ್ಕೊಂಡು ಹೋದರು. ನನ್ನ ಕೈಗೆ ಬಂದ ಎಷ್ಟೋ ಪಹಣಿಗಳಲ್ಲಿ, ಹಳೇ ಕೈಬರಹದಲ್ಲಿದ್ದ 'ಎ.ಕೆ. ದರಖಾಸ್ತು' ಅನ್ನೋ ಷರಾ ಕಂಪ್ಯೂಟರಿನಲ್ಲಿ ಇಲ್ಲ. ಹೊಸ ಹೆಸರು ಮಾತ್ರ ಸ್ವಚ್ಛವಾಗಿ ಅಚ್ಚಾಗಿದೆ.

1990ರ ದಶಕದಿಂದ ವಿಶ್ವಬ್ಯಾಂಕು, ಏಷ್ಯನ್ ಅಭಿವೃದ್ಧಿ ಬ್ಯಾಂಕು 'ಕಾನೂನು ಮತ್ತು ನ್ಯಾಯಾಂಗ ಸುಧಾರಣೆ' ಅಂತ ನಮ್ಮಂಥ ದೇಶಗಳಿಗೆ ಹೇಳ್ತಾ ಬಂದಿವೆ. 2001ರಲ್ಲಿ ಪಾಕಿಸ್ತಾನದ ನ್ಯಾಯಾಂಗ ಸುಧಾರಣೆಗೆ ಏಷ್ಯನ್ ಅಭಿವೃದ್ಧಿ ಬ್ಯಾಂಕು 35 ಕೋಟಿ ಡಾಲರ್ ಸಾಲ ಮಂಜೂರು ಮಾಡಿತು. ಬಾಕಿ ಕೇಸು ಕಡಿಮೆ ಆಗಬೇಕು, ದಾಖಲೆ ಕಂಪ್ಯೂಟರಿಗೆ ಹೋಗಬೇಕು, ಕೊಂಡವನಿಗೆ ತನ್ನ ಹಕ್ಕಿನ ಮೇಲೆ ಭರವಸೆ ಇರಬೇಕು. ಒಂದೂ ತಪ್ಪಲ್ಲ. ಬಾಕಿ ಕೇಸಿನಿಂದ ಸಾಯೋರು ಮೊದಲು ನಾವೇ. ಆದರೆ ಹಕ್ಕಿನ ಭರವಸೆ ಅಂದಾಗ ಯಾರ ಹಕ್ಕು? ಇವತ್ತಿನ ಪಹಣಿಯಲ್ಲಿ ಯಾರ ಹೆಸರಿದೆಯೋ ಅವರದ್ದು. ಆ ಹೆಸರು ಅಲ್ಲಿಗೆ ಹೇಗೆ ಬಂತು ಅಂತ ಕೇಳೋ ಕಾನೂನು ಪಿಟಿಸಿಎಲ್. ಹಾಗಾಗಿ ಎರಡು ಸುಧಾರಣೆಗಳು ಎದುರುಬದುರು ನಿಂತಿವೆ. ನನಗೆ ಅನ್ನಿಸೋದು, ಮುಂದೆ ಬಂದ ತೀರ್ಪುಗಳಲ್ಲಿ ಗೆದ್ದಿದ್ದು ಮೊದಲನೇದು.

ಆ ತೀರ್ಪುಗಳಿಗೆ ಬರ್ತೀನಿ. ಪಿಟಿಸಿಎಲ್‌ನಲ್ಲಿ ಅರ್ಜಿಗೆ ಕಾಲಮಿತಿ ಬರೆದಿರಲಿಲ್ಲ. ಶೂನ್ಯ ಅಂದರೆ ಶೂನ್ಯ, ಹತ್ತು ವರ್ಷಕ್ಕೂ ಶೂನ್ಯ, ಐವತ್ತು ವರ್ಷಕ್ಕೂ ಶೂನ್ಯ ಅಂತ ನಾವು ತಿಳ್ಕೊಂಡಿದ್ವಿ. ಆದರೆ ಬೇರೆ ರಾಜ್ಯದ ಕೇಸುಗಳಲ್ಲಿ ಒಂದು ತತ್ವ ಬೆಳೀತಾ ಇತ್ತು. 2003ರಲ್ಲಿ ಆಂಧ್ರದ ಒಂದು ಕೇಸಿನಲ್ಲಿ ಸುಪ್ರೀಂ ಕೋರ್ಟು, ಕಾನೂನಿನಲ್ಲಿ 'ಯಾವುದೇ ಕಾಲದಲ್ಲಿ' ಅಂತ ಬರೆದಿದ್ದರೂ ಅದನ್ನ 'ಸಮಂಜಸ ಕಾಲದಲ್ಲಿ' ಅಂತಲೇ ಓದಬೇಕು ಅಂತು. ಆ ಕೇಸಿನ ಹೆಸರು ಕೇಳಿ: ಇಬ್ರಾಹಿಂಪಟ್ನಂ ತಾಲ್ಲೂಕು ವ್ಯವಸಾಯ ಕೂಲಿ ಸಂಘಂ. ಸೋತವರು ಕೂಲಿಗಳು, ಹೆಸರಲ್ಲೇ ಇದೆ.

2017ರಲ್ಲಿ ಅದು ನಮ್ಮ ಬಾಗಿಲಿಗೆ ಬಂತು. ನೆಕ್ಕಂಟಿ ರಾಮಲಕ್ಷ್ಮಿ ಪ್ರಕರಣ. ಕಾಯ್ದೆ ಜಾರಿಯಾಗಿ 25 ವರ್ಷದ ಮೇಲೆ ಅರ್ಜಿ ಹಾಕಿದ್ದಾರೆ, ಇದು ಅತಿಯಾದ ವಿಳಂಬ, ಕಾಲಮಿತಿ ಬರೆದಿಲ್ಲದಿದ್ದರೂ ಸಮಂಜಸ ಕಾಲದಲ್ಲಿ ಬರಬೇಕಿತ್ತು ಅಂತ ಸುಪ್ರೀಂ ಕೋರ್ಟು ಹೇಳಿತು. ಸಮಂಜಸ ಕಾಲ ಅಂದರೆ ಎಷ್ಟು? ಸಂಖ್ಯೆ ಇಲ್ಲ. ಸಂಖ್ಯೆ ಇಲ್ಲದ್ದೇ ಕೆಳಗಿನವರಿಗೆ ಅನುಕೂಲ ಆಯ್ತು. ಅಸಿಸ್ಟೆಂಟ್ ಕಮಿಷನರ್ ಕೋರ್ಟಿನಲ್ಲಿ, ಡಿಸಿ ಮುಂದೆ ಮೇಲ್ಮನವಿಯಲ್ಲಿ, ಹೈಕೋರ್ಟಿನ ಏಕಸದಸ್ಯ ಪೀಠದಲ್ಲಿ, ದ್ವಿಸದಸ್ಯ ಪೀಠದಲ್ಲಿ ಸಾಲುಸಾಲಾಗಿ ಅರ್ಜಿಗಳು ಬಿದ್ದವು. ಚೀಟಿ ನೋಡಲಿಲ್ಲ, ಷರತ್ತು ನೋಡಲಿಲ್ಲ, ಕ್ರಯಪತ್ರ ನೋಡಲಿಲ್ಲ. ತಾರೀಖು ನೋಡಿದರು, ಮುಗೀತು. ಕೆಲವು ಕಡೆ ಭೂಮಿ ವಾಪಸ್ ಸಿಕ್ಕಿ ಬಿತ್ತನೆ ಮಾಡ್ತಿದ್ದವರೂ ಮೇಲಿನ ಕೋರ್ಟಲ್ಲಿ ಕಳ್ಕೊಂಡರು.

ಇಲ್ಲಿ ಎರಡು ಗಡಿಯಾರ ಇದೆ, ಗಮನಿಸಿ. ಕೊಂಡವನ ಗಡಿಯಾರ ತಿರುಗಿದಷ್ಟೂ ಅವನಿಗೆ ಹಕ್ಕು ಕೂಡುತ್ತಾ ಹೋಗುತ್ತೆ. 12 ವರ್ಷಕ್ಕೋ 30 ವರ್ಷಕ್ಕೋ ಪೂರ್ತಿ ಮಾಲೀಕ. ನಮ್ಮ ಗಡಿಯಾರ ತಿರುಗಿದಷ್ಟೂ ನಮ್ಮ ಹಕ್ಕು ಸವೆಯುತ್ತಾ ಹೋಗುತ್ತೆ. ಸರ್ಕಾರದ ಕೈಗೆ ಮಾತ್ರ ಗಡಿಯಾರವೇ ಇಲ್ಲ.

ಈಗ ಆ ಗೆರೆ ಎಳೆದ ಪದಕ್ಕೆ ವಾಪಸ್ ಬನ್ನಿ. ಸ್ವಯಂಪ್ರೇರಿತ. 1979ರ ಜನವರಿ 1ರಿಂದ ಪ್ರತಿ ಉಪವಿಭಾಗದ ಅಸಿಸ್ಟೆಂಟ್ ಕಮಿಷನರಿಗೆ ಈ ಅಧಿಕಾರ ಇತ್ತು. ದರಖಾಸ್ತು ರಿಜಿಸ್ಟರ್ ಅವರ ಇಲಾಖೆಯಲ್ಲೇ ಇತ್ತು. ಪಹಣಿಯೂ ಅವರದ್ದೇ. ಈ ಎರಡು ಪುಸ್ತಕ ಪಕ್ಕಪಕ್ಕ ಇಟ್ಟು, ಮಂಜೂರುದಾರನ ಹೆಸರು ಒಂದು, ಅನುಭೋಗದಾರನ ಹೆಸರು ಇನ್ನೊಂದು ಇರೋ ಸರ್ವೆ ನಂಬರುಗಳ ಪಟ್ಟಿ ಮಾಡೋದು ಒಬ್ಬ ಗುಮಾಸ್ತನಿಗೆ ಒಂದು ಹೋಬಳಿಗೆ ಹೆಚ್ಚೆಂದರೆ ಎರಡು ಮೂರು ತಿಂಗಳ ಕೆಲಸ. ನಾನೇ ಮಾಡಿಕೊಡ್ತಿದ್ದೆ! 6ನೇ ಕಲಂ ಪ್ರಕಾರ ಇಂಥ ಜಮೀನಿನ ಕ್ರಯವನ್ನ ಸಬ್ ರಿಜಿಸ್ಟ್ರಾರ್ ನೋಂದಾಯಿಸಲೇಬಾರದು. ನೋಂದಣಿ ಆಗ್ತಾನೇ ಇತ್ತು. ಮ್ಯುಟೇಷನ್ ಆಗ್ತಾನೇ ಇತ್ತು. ಹಾಗಾದರೆ 25 ವರ್ಷ ತಡ ಮಾಡಿದ್ದು ಯಾರು? ಓದು ಬಾರದ ಆ ಮುದುಕನೋ, ಅಥವಾ ರಿಜಿಸ್ಟರ್ ಬೀರುವಿನ ಬೀಗದ ಕೈ ಸೊಂಟದಲ್ಲಿ ಇಟ್ಕೊಂಡಿದ್ದ ಇಲಾಖೆಯೋ? ತಡದ ಲೆಕ್ಕ ಬರೆಯುವಾಗ ಇಲಾಖೆಯ ಖಾತೆಗೆ ಒಂದು ದಿನವೂ ಬೀಳಲಿಲ್ಲ.

ಇನ್ನು ಅರ್ಜಿ ಹಾಕಿದ ಮೇಲಿನ ತಡ ಬೇರೆ. ಅಸಿಸ್ಟೆಂಟ್ ಕಮಿಷನರ್ ಕೋರ್ಟು ಅಂದರೆ ಪೂರ್ಣಕಾಲದ ಕೋರ್ಟಲ್ಲ. ಚುನಾವಣೆ ಬಂದರೆ ಇಲ್ಲ, ಮಂತ್ರಿ ಬಂದರೆ ಇಲ್ಲ, ಬರ ನೆರೆ ಬಂದರೆ ಇಲ್ಲ, ವರ್ಗಾವಣೆ ಆದರೆ ಮೊದಲಿಂದ ಶುರು. ಗೆದ್ದರೆ ಎದುರಾಳಿ ಡಿಸಿ ಹತ್ತಿರ, ಆಮೇಲೆ ಹೈಕೋರ್ಟು. 'ಮರುವಿಚಾರಣೆಗೆ ಹಿಂದಿರುಗಿಸಲಾಗಿದೆ' ಅಂತ ಒಂದು ಸಾಲು ಬರೆದರೆ ಹಾವು ಏಣಿ ಆಟದ ಥರ ಮತ್ತೆ ಕೆಳಗಿನ ಮನೆಗೆ.

ಎದುರಿನ ವಾದವನ್ನೂ ಹೇಳಿಬಿಡ್ತೀನಿ, ಮುಚ್ಚಿಡೋದು ಸರಿಯಲ್ಲ. ಕೊಂಡವರೆಲ್ಲ ದೊಡ್ಡ ಗೌಡರೇ ಅಲ್ಲ. ಕೈ ಬದಲಾಗಿ ಬದಲಾಗಿ ಈಗ ಅರ್ಧ ಎಕರೆಯಲ್ಲಿ ಕೂತಿರೋ ಹಿಂದುಳಿದ ಜಾತಿಯ ಬಡರೈತನೂ ಇದ್ದಾನೆ, ಸೈಟು ಅಂತ ಸಾಲ ಮಾಡಿ ಕೊಂಡ ಗಾರ್ಮೆಂಟ್ಸ್ ಹೆಣ್ಣುಮಗಳೂ ಇದ್ದಾಳೆ. ಬೆಂಗಳೂರಿನ ಸುತ್ತ ಜಮೀನಿನ ರೇಟು ಏರಿದ ಮೇಲೆ ದಲ್ಲಾಳಿಗಳು ನಮ್ಮ ವಾರಸುದಾರರನ್ನೇ ಹುಡುಕಿ ಅರ್ಜಿ ಹಾಕಿಸಿ, ವಾಪಸ್ ಬಂದ ಭೂಮಿಯನ್ನ ಮತ್ತೆ ಬಿಲ್ಡರಿಗೆ ಬರೆಸಿಕೊಂಡದ್ದೂ ಇದೆ. ಕೋರ್ಟುಗಳು ಇಂಥ ಕೇಸನ್ನ ಎತ್ತಿ ತೋರಿಸ್ತವೆ. ಆದರೆ ಇದಕ್ಕೆ ಮದ್ದು ದಲ್ಲಾಳಿಯನ್ನ ಹಿಡಿಯೋದು, ಬಡ ಕೊಳ್ಳುಗನಿಗೆ ಸರ್ಕಾರ ಪರಿಹಾರ ಕೊಡೋದು, ಪೂರ್ವಾನುಮತಿ ಕೊಡೋ ಕಚೇರಿಯ ಬಾಗಿಲನ್ನ ಸ್ವಲ್ಪ ಬಿಗಿ ಮಾಡೋದು. ಹಳ್ಳಿಮೂಲೆಯ ಎರಡೆಕರೆಯ ಮುದುಕಿಯ ಅರ್ಜಿಯನ್ನ ತಾರೀಖು ನೋಡಿ ಎಸೆಯೋದಲ್ಲ.

ತೀರ್ಪಿನ ಹೊಡೆತಕ್ಕೆ ಜನ ಎದ್ದರು. ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಭೂಮಿ ಕಳಕೊಂಡವರು ತಿಂಗಳುಗಟ್ಟಲೆ ಧರಣಿ ಕೂತರು. ಬಿಸಿಲು, ಮಳೆ, ಪ್ಲಾಸ್ಟಿಕ್ ಹೊದಿಕೆ. ಟಿವಿಯವರು ಬರಲಿಲ್ಲ ಅಂತ ಬೇಜಾರು ಬೇಡ, ಅವರು ಬರೋದು ಬಸ್ಸಿಗೆ ಬೆಂಕಿ ಬಿದ್ದಾಗ. 2023ರ ಚುನಾವಣೆ ಆಗಿ ಹೊಸ ಸರ್ಕಾರ ಬಂದ ಮೇಲೆ ಜುಲೈ ಅಧಿವೇಶನದಲ್ಲಿ ತಿದ್ದುಪಡಿ ಪಾಸಾಯಿತು. 5ನೇ ಕಲಮಿಗೆ ಎರಡು ಉಪಖಂಡ ಸೇರಿತು. ಬೇರೆ ಯಾವುದೇ ಕಾನೂನಿನಲ್ಲಿ ಏನೇ ಇದ್ದರೂ ಈ ಕಾಯ್ದೆಯನ್ನ ಬಳಸೋಕೆ ಕಾಲಮಿತಿ ಇಲ್ಲ. ಮತ್ತು ಇದು ಬಾಕಿ ಇರುವ ಎಲ್ಲಾ ಪ್ರಕರಣಗಳಿಗೂ ಅನ್ವಯ. ಅವತ್ತು ನಾವು ಸಿಹಿ ಹಂಚಿದ್ವಿ.

ಸರಿಯಾಗಿ ಒಂದು ವರ್ಷ. 2024ರ ಜುಲೈನಲ್ಲಿ ಹೈಕೋರ್ಟಿನ ದ್ವಿಸದಸ್ಯ ಪೀಠ ಹಾವೇರಿ ಜಿಲ್ಲೆಯ ಒಂದು ಮೇಲ್ಮನವಿಯಲ್ಲಿ ಹೇಳಿತು: ತಿದ್ದುಪಡಿ ತೆಗೆದಿರೋದು 'ಕಾಲಮಿತಿ'ಯನ್ನ. 'ವಿಳಂಬ' ಬೇರೆ. ಕಾಲಮಿತಿ ಶಾಸನದ ವಿಷಯ, ವಿಳಂಬ ನ್ಯಾಯಪ್ರಜ್ಞೆಯ ವಿಷಯ. ಶಾಸನ ಮೊದಲನೇದನ್ನ ಮುಟ್ಟಿದೆ, ಎರಡನೇದು ಹಾಗೇ ಉಳಿದಿದೆ. ಹುಡುಗರೇ, ನೀವು ಕೇಳಿದ ಪ್ರಶ್ನೆಗೆ ಎರಡು ಸಾಲಿನ ಉತ್ತರ ಇದೇ.

ಕನ್ನಡದಲ್ಲಿ ಇದನ್ನ ನಮ್ಮ ಅವ್ವನಿಗೆ ಹೇಗೆ ಹೇಳೋದು ಅಂತ ನಾನು ಯೋಚನೆ ಮಾಡ್ತಾ ಇದ್ದೆ. 'ಅವ್ವಾ, ನೀನು ಯಾವಾಗ ಬೇಕಾದ್ರೂ ಬರಬಹುದು, ಆದ್ರೆ ತಡವಾಗಿ ಬರಬಾರದು.' ಅವಳು ನಗ್ತಾಳೆ.

ವಿಳಂಬದ ತತ್ವ ಹುಟ್ಟಿದ್ದೇ ಸಮಾನರ ನಡುವಿನ ವ್ಯಾಜ್ಯಕ್ಕೆ. ಹಕ್ಕು ಗೊತ್ತಿದ್ದೂ, ಶಕ್ತಿ ಇದ್ದೂ ಸುಮ್ಮನೆ ಕೂತವನಿಗೆ ಅದು. ಕಾಯ್ದೆಯ ಉದ್ದೇಶ ಹೇಳುವಾಗ 1978ರಲ್ಲಿ ಸರ್ಕಾರವೇ, ಈ ಜನರ ಅಜ್ಞಾನ ಬಡತನವನ್ನ ಬಲಾಢ್ಯರು ದುರ್ಬಳಕೆ ಮಾಡಿಕೊಂಡಿದ್ದಾರೆ ಅನ್ನೋ ಅರ್ಥದ ಮಾತು ಬರೆದಿದೆ. ಅಜ್ಞಾನ, ಬಡತನ ಇದೆ ಅಂತ ಒಪ್ಪಿಕೊಂಡು ಮಾಡಿದ ಕಾನೂನಿನಡಿ ಬಂದವನಿಗೆ, ಯಾಕೆ ಬೇಗ ಬರಲಿಲ್ಲ ಅಂತ ಕೇಳೋದು ಎಂಥ ಪ್ರಶ್ನೆ? ಆಳಿನ ಮಗ ಮಾಲೀಕನ ಮೇಲೆ ಕೇಸು ಹಾಕೋಕೆ ಮೊದಲು ಆ ಮನೆಯ ಕೂಲಿ ಬಿಟ್ಟು ಬೇರೆ ಅನ್ನ ಹುಡುಕ್ಕೋಬೇಕು. ಅದಕ್ಕೆ ಒಂದು ತಲೆಮಾರು ಬೇಕಾಯ್ತು. ಮಗ ಹತ್ತನೇ ಕ್ಲಾಸು ಓದಿ, ಪಟ್ಟಣ ಸೇರಿ, ಟ್ರಂಕಿನ ಕಾಗದ ಓದೋ ಹಾಗೆ ಆಗೋ ಹೊತ್ತಿಗೆ 25 ವರ್ಷ ಆಗಿತ್ತು. ನಮ್ಮ ಲೆಕ್ಕದಲ್ಲಿ ಅದೇ ಸಮಂಜಸ ಕಾಲ.

ಈಗ ಕೆಲಸದ ಮಾತು. ಅರ್ಜಿ ಇನ್ನೂ ಬಾಕಿ ಇರುವವರು, ತಡವಾದ ಕಾರಣವನ್ನ ಅರ್ಜಿಯಲ್ಲೇ, ಇಲ್ಲವೇ ಪ್ರಮಾಣಪತ್ರದಲ್ಲಿ ವಿವರವಾಗಿ ಬರೆಸಿ. 'ಕಾಲಮಿತಿ ಇಲ್ಲ' ಅಂತ ಒಂದೇ ಸಾಲು ಬರೆದು ಸುಮ್ಮನಾಗುವ ವಕೀಲರಿದ್ದರೆ ಕೂತು ಮಾತಾಡಿ. ಯಾರು ಜೀತ ಇದ್ದರು, ಯಾವ ವರ್ಷ ಊರು ಬಿಟ್ಟರು, ಚೀಟಿ ಯಾರ ಹತ್ತಿರ ಇತ್ತು, ನಕಲಿಗೆ ಯಾವಾಗ ಅರ್ಜಿ ಹಾಕಿದಿರಿ, ಹಿಂಬರಹ ಯಾವಾಗ ಬಂತು, ಎಲ್ಲ ತಾರೀಖು ಸಮೇತ. ಜೊತೆಗೆ ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕಿ: ನಿಮ್ಮ ಉಪವಿಭಾಗದಲ್ಲಿ 1979ರಿಂದ ಇವತ್ತಿನವರೆಗೆ ಎಷ್ಟು ಪಿಟಿಸಿಎಲ್ ಪ್ರಕರಣಗಳನ್ನ ಸ್ವಯಂಪ್ರೇರಿತವಾಗಿ ದಾಖಲಿಸಿದ್ದೀರಿ ಅಂತ. ಬರೋ ಉತ್ತರವನ್ನ, 'ಮಾಹಿತಿ ಲಭ್ಯವಿಲ್ಲ' ಅಂತ ಬಂದರೂ ಸರಿ, ನಿಮ್ಮ ಕಡತಕ್ಕೆ ಲಗತ್ತಿಸಿ. ಹೋಬಳಿವಾರು ಈ ಉತ್ತರಗಳನ್ನ ಒಟ್ಟು ಮಾಡ್ತಿದ್ದೀವಿ. ವಿಳಂಬ ಅನ್ನೋ ಪದವನ್ನೇ ಸೇರಿಸಿ ಇನ್ನೊಂದು ತಿದ್ದುಪಡಿ ಬೇಕು ಅಂತ ಕೇಳುವಾಗ ಅದು ಬೇಕಾಗುತ್ತೆ.

ಭಾನುವಾರ ಬರುವವರು ಸಾಗುವಳಿ ಚೀಟಿ ಇದ್ದರೆ ಅಸಲು ತನ್ನಿ, ನೋಡಿ ಅಲ್ಲೇ ವಾಪಸ್ ಕೊಡ್ತೀನಿ. ಹಳೇ ಕೈಬರಹದ ಪಹಣಿ ಸಿಕ್ಕಿದಷ್ಟು ವರ್ಷದ್ದೂ ತನ್ನಿ. ಮತ್ತೆ ದಮ್ಮಯ್ಯ, ಹರೀತಿದೆ ಅಂತ ಚೀಟಿಗೆ ಲ್ಯಾಮಿನೇಷನ್ ಮಾಡಿಸ್ಬೇಡಿ. ಹಿಂದುಗಡೆ ಪೆನ್ಸಿಲಿನಲ್ಲಿ ಬರೆದಿರೋ ನಂಬರು ಮಸುಕಾಗಿಬಿಡುತ್ತೆ, ಎಷ್ಟೋ ಸಲ ಕಡತ ಹುಡುಕೋಕೆ ಉಳಿದಿರೋದು ಅದೊಂದೇ.